ನಾಯಿಯ ಬಾಯಿಯ ಬ್ಯಾಕ್ಟೀರಿಯಾದ 16ಎಸ್ ಜೀನ್ (ಬ್ಯಾಕ್ಟೀರಿಯಾಗಳನ್ನು ಗುರುತಿಸಲು ಬಳಸುವ ಜೀನ್) ಗೊತ್ತಿರುವ ಪ್ರಭೇದಗಳಿಗೆ 97.8% ಮಾತ್ರ ಹೊಂದುತ್ತಿದೆ. ಹೊಸ ಪ್ರಭೇದವೆಂದು ಪ್ರಕಟಿಸಲು ಜೀನೋಮ್ (ಅದರ ಇಡೀ ಡಿಎನ್‌ಎಯ ಓದು) ಬೇಕೇ, ಜೀವರಾಸಾಯನಿಕ ಪರೀಕ್ಷೆಗಳೇ ಸಾಕೇ?

ನಿಮ್ಮ ಪ್ರಶ್ನೆಯ ನಡುವೆ ಒಂದು ಸಾಲಿದೆ: “ಮೊದಲ ಸಲ ಪೀಕ್‌ಗಳು ಕಲಸಿಕೊಂಡಿದ್ದವು, ಕ್ಲೋನ್ ಮಾಡಿದ ಮೇಲೆ ಶುದ್ಧವಾಗಿ ಬಂತು.” (ಪೀಕ್ ಎಂದರೆ ಡಿಎನ್‌ಎ ಓದುವ ಯಂತ್ರದ ಗ್ರಾಫಿನಲ್ಲಿ ಒಂದೊಂದು ಅಕ್ಷರಕ್ಕೂ ಏಳುವ ಶಿಖರ.) ನೀವು ಅದನ್ನು ಬರೆದು ಮುಂದೆ ಹೋಗಿದ್ದೀರಿ. ನಾನು ಅಲ್ಲೇ ನಿಂತೆ. ಪಿಎಚ್.ಡಿ. ಮಾಡುವಾಗ ನನ್ನ ನೋಟ್‌ಬುಕ್ಕಿನಲ್ಲಿಯೂ ಇದೇ ಸಾಲಿತ್ತು, ಇಷ್ಟೇ ನಿರಾಳವಾಗಿ. ಅದು ನನ್ನ ಒಂದೂವರೆ ವರ್ಷ ತಿಂದಿತು.

ನನ್ನದು ಮುಧೋಳ ತಳಿಯ ನಾಯಿ. ಎಂದರೆ ನಾನು ಸಾಕಿದ್ದಲ್ಲ, ಬಾಗಲಕೋಟೆ ಜಿಲ್ಲೆಯ ಕುರಿಗಾಹಿಯೊಬ್ಬರದು. ಅವರು ಅದರ ಉದ್ದ ಮೂತಿಯನ್ನು ರುಮಾಲಿನಿಂದ ಹಿಡಿದುಕೊಂಡರು, ನಾನು ಒಸಡಿನ ಅಂಚಿನಿಂದ ಸ್ವಾಬ್ ತೆಗೆದೆ. ಆ ಹೊತ್ತಿಗೆ ನನ್ನ ತಲೆಯಲ್ಲಿ ಒಂದೇ ಸಂಖ್ಯೆ ಕುಣಿಯುತ್ತಿತ್ತು. 2012ರಲ್ಲಿ ಅಮೆರಿಕದ ಸಂಶೋಧಕರು ನಾಯಿಗಳ ಬಾಯಿಯಲ್ಲಿ 353 ಬಗೆಯ ಬ್ಯಾಕ್ಟೀರಿಯಾಗಳನ್ನು ಪಟ್ಟಿ ಮಾಡಿದ್ದರು. ಅವುಗಳಲ್ಲಿ ಸುಮಾರು 80%ಕ್ಕೆ ಹೆಸರೇ ಇರಲಿಲ್ಲ. ಮನುಷ್ಯರ ಬಾಯಿಯಲ್ಲಿಯೂ ಕಾಣುವವು 16.4% ಮಾತ್ರ. ಇಷ್ಟು ಅನಾಮಿಕರಿರುವ ಊರಿಗೆ ಹೋದರೆ ಕೈಗೆ ಸಿಕ್ಕಿದ್ದೆಲ್ಲ ಹೊಸದೇ ಎಂದು ನಂಬಿದ್ದೆ.

ಕುರಿಯ ರಕ್ತ ಬೆರೆಸಿದ ಬ್ಲಡ್ ಅಗರ್ ಎಂಬ ಪೋಷಕ ಮಾಧ್ಯಮದ ಮೇಲೆ ಎರಡು ದಿನಕ್ಕೆ ಸಣ್ಣ, ನಯವಾದ, ಮಾಸಲು ಬಿಳಿಯ ಕಾಲೊನಿಗಳು ಬಂದವು. ಎಲ್ಲವೂ ಒಂದೇ ಅಚ್ಚಿನಲ್ಲಿ ತೆಗೆದಂತಿದ್ದವು. ಗ್ರಾಂ ಬಣ್ಣ ಹಾಕಿದರೆ ಕೆಂಪು ಕಡ್ಡಿಗಳು. ಆಕ್ಸಿಡೇಸ್ ಕಿಣ್ವ ಇದೆ, ಕ್ಯಾಟಲೇಸ್ ಕಿಣ್ವವೂ ಇದೆ. ನೈಸೀರಿಯಾ ಕುಲದ ಕಡೆಯದು ಎನ್ನುವುದು ಗೊತ್ತಾಯಿತು. ಒಂದು ಕಾಲೊನಿ ಎತ್ತಿ, ಒಂದೇ ಸಲ ಇನ್ನೊಂದು ಪ್ಲೇಟಿಗೆ ಸ್ಟ್ರೀಕ್ ಮಾಡಿ (ಎಂದರೆ ಕಾಲೊನಿಗಳು ಬಿಡಿಬಿಡಿಯಾಗಿ ಬೆಳೆಯುವಂತೆ ಗೆರೆ ಎಳೆದು ಹರಡಿ), ‘ಶುದ್ಧ’ ಎಂದು ಬರೆದುಕೊಂಡೆ.

ಈಗ ತಪ್ಪಿಗೆ ಬರುತ್ತೇನೆ. ಇದನ್ನು ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ಸಹಿಸಿಕೊಳ್ಳಿ. 16ಎಸ್ ಜೀನನ್ನು ಪಿಸಿಆರ್‌ನಲ್ಲಿ (ಡಿಎನ್‌ಎಯನ್ನು ಸುತ್ತು ಸುತ್ತಾಗಿ ನಕಲು ಮಾಡುವ ವಿಧಾನ) ಹೆಚ್ಚಿಸಿ ನೇರವಾಗಿ ಸೀಕ್ವೆನ್ಸಿಂಗಿಗೆ, ಎಂದರೆ ಅಕ್ಷರಗಳನ್ನು ಓದಿಸಲು, ಕಳುಹಿಸಿದಾಗ ಹಲವು ಕಡೆ ಒಂದೇ ಸ್ಥಾನದಲ್ಲಿ ಎರಡು ಪೀಕ್‌ಗಳು ಬಂದವು. ಪ್ರಯೋಗಾಲಯದಲ್ಲಿ ಒಬ್ಬರು ಸಮಾಧಾನ ಹೇಳಿದರು: ಒಂದೇ ಬ್ಯಾಕ್ಟೀರಿಯಾದಲ್ಲಿ ಈ ಜೀನಿನ ಹಲವು ಪ್ರತಿಗಳಿರುತ್ತವೆ, ಅವುಗಳ ನಡುವೆ ಅಲ್ಪಸ್ವಲ್ಪ ವ್ಯತ್ಯಾಸ ಸಹಜ, ಕ್ಲೋನ್ ಮಾಡಿಬಿಡಿ. ಮಾತು ಸುಳ್ಳಲ್ಲ. ಆದರೆ ಪ್ರತಿಗಳ ನಡುವಿನ ವ್ಯತ್ಯಾಸ ಸಾಮಾನ್ಯವಾಗಿ ಕೆಲವೇ ಅಕ್ಷರಗಳದ್ದು. ನನ್ನದರಲ್ಲಿ ಅಂಥ ಜಾಗಗಳು ಐವತ್ತನ್ನು ದಾಟಿದ್ದವು. ಎಣಿಸಿದ್ದರೆ ತಿಳಿಯುತ್ತಿತ್ತು. ಎಣಿಸಲಿಲ್ಲ.

ಪ್ಲೇಟಿನಲ್ಲಿ ಇದ್ದದ್ದು ಎರಡು ಜೀವಿಗಳು. ಮಿಶ್ರ ಡಿಎನ್‌ಎ ಪಿಸಿಆರ್‌ಗೆ ಹೋದಾಗ ಒಂದು ಸುತ್ತಿನಲ್ಲಿ ಅರ್ಧಕ್ಕೆ ನಿಂತ ಎಳೆ ಮುಂದಿನ ಸುತ್ತಿನಲ್ಲಿ ಇನ್ನೊಂದು ಜೀವಿಯ ಜೀನಿಗೆ ಅಂಟಿಕೊಂಡು ಉಳಿದರ್ಧವನ್ನು ಅಲ್ಲಿಂದ ನಕಲು ಮಾಡುತ್ತದೆ. ನಮ್ಮ ಕಡೆ ಇಳಕಲ್ ಸೀರೆಯಲ್ಲಿ ಒಡಲಿಗೆ ಸೆರಗನ್ನು ಕೊಂಡಿ ಹಾಕಿ ಸೇರಿಸುತ್ತಾರಲ್ಲ, ಹಾಗೆ. ಇಂಥ ಕೂಡುಎಳೆಗೆ ಕೈಮೆರಾ ಎನ್ನುತ್ತಾರೆ. ನೇರ ಸೀಕ್ವೆನ್ಸಿಂಗಿನಲ್ಲಿ ಎರಡೂ ಜೀವಿಗಳು ಒಟ್ಟಿಗೆ ಕೂಗುತ್ತಿದ್ದವು, ಅದೇ ಆ ಜೋಡಿ ಪೀಕ್‌ಗಳು. ಕ್ಲೋನ್ ಎಂದರೆ ಆ ಗುಂಪಿನಿಂದ ಒಂದೇ ಒಂದು ಎಳೆಯನ್ನು ಹೆಕ್ಕಿ ಬೆಳೆಸುವುದು. ನಾನು ಹೆಕ್ಕಿದ್ದು ಕೂಡುಎಳೆ. ಪೀಕ್‌ಗಳು ಶುದ್ಧವಾದದ್ದು ಕಲ್ಚರ್ ಶುದ್ಧವಾಗಿದ್ದರಿಂದಲ್ಲ, ನಾನು ಸಾಕ್ಷಿಯ ಬಾಯಿ ಮುಚ್ಚಿಸಿದ್ದರಿಂದ.

ಆ ಎಳೆಯನ್ನು ಗೊತ್ತಿರುವ 16ಎಸ್‌ಗಳ ದತ್ತಾಂಶದಲ್ಲಿ ಹುಡುಕಿ ನೋಡಿದರೆ ಅತಿ ಹತ್ತಿರದ್ದೂ 97.7% ಮಾತ್ರ. ಹೊಸ ಪ್ರಭೇದವಿರಬಹುದೆಂದು ಅನುಮಾನಿಸಲು ಈಗ ಬಳಸುವ ಗಡಿ ಸುಮಾರು 98.7%. ನಾವು ಅದಕ್ಕಿಂತ ಕೆಳಗಿದ್ದೆವು. ಕೂಸು ಹುಟ್ಟುವ ಮುಂಚೆ ಕುಲಾವಿ ಎನ್ನುವಂತೆ ‘ಮುಧೋಲೆನ್ಸಿಸ್’ ಎಂದು ಹೆಸರನ್ನೂ ಇಟ್ಟುಬಿಟ್ಟೆವು. ಲ್ಯಾಟಿನ್ ವ್ಯಾಕರಣದ ಬಗ್ಗೆ ಎರಡು ವಾರ ಚರ್ಚಿಸಿದೆವು. ಮೂರನೆಯ ಸಲ ಸ್ಟ್ರೀಕ್ ಮಾಡಲು ಎರಡು ದಿನ ಸಾಕಿತ್ತು.

ನೀವು ಕೇಳಿರುವ ಜೀವರಾಸಾಯನಿಕ ಪರೀಕ್ಷೆಗಳು ನನಗೆ ಸತ್ಯವನ್ನೇ ಹೇಳಿದ್ದವು. ಗ್ಲೂಕೋಸ್‌ನಿಂದ ಆಮ್ಲ ಒಮ್ಮೆ ಬಂತು, ಒಮ್ಮೆ ತಡವಾಗಿ ಬಂತು, ಒಮ್ಮೆ ಬರಲೇ ಇಲ್ಲ. ಆರ್ಜಿನೀನ್ ಎಂಬ ಅಮೈನೊ ಆಮ್ಲದ ಪರೀಕ್ಷೆಯದೂ ಅದೇ ಪಾಡು. ಕೋಷ್ಟಕದಲ್ಲಿ ‘ಬದಲಾಗುತ್ತದೆ’ ಎಂದು ಬರೆದೆ. ಒಂದೇ ಬ್ಯಾಕ್ಟೀರಿಯಾ ತಳಿ, ಒಂದೇ ಪರೀಕ್ಷೆ, ಒಂದೇ ಕೈ, ಬದಲಾಗುವುದು ಎಂದರೇನು? ಆ ಪದವನ್ನು ಬರೆಯುವ ಮುನ್ನ ಪ್ಲೇಟನ್ನು ಬೆಳಕಿಗೆ ಹಿಡಿದು ನೋಡಬೇಕಿತ್ತು.

ಕೊನೆಗೆ ಜೀನೋಮ್ ಮಾಡಿಸಿದೆವು. ಈ ಗುಂಪಿನಲ್ಲಿ ಜೀನೋಮ್ ಸಾಮಾನ್ಯವಾಗಿ ಎರಡರಿಂದ ಎರಡೂವರೆ ಮೆಗಾಬೇಸ್ (ಒಂದು ಮೆಗಾಬೇಸ್ ಎಂದರೆ ಹತ್ತು ಲಕ್ಷ ಅಕ್ಷರ) ಇರುತ್ತದೆ. ನಮ್ಮದು 4.6. ಒಂದೊಂದೇ ಇರಬೇಕಾದ ಜೀನುಗಳೆಲ್ಲ ಎರಡೆರಡು. ಬೇರೆ ಪ್ರಯೋಗಾಲಯದ ಹಿರಿಯರೊಬ್ಬರು ಫೋನಿನಲ್ಲಿಯೇ “16ಎಸ್ ಅನ್ನು ನಡುವೆ ಕತ್ತರಿಸಿ ಎರಡು ತುಂಡನ್ನೂ ಬೇರೆಬೇರೆಯಾಗಿ ಹುಡುಕಿ” ಎಂದರು. ಮೊದಲ ತುಂಡು ನೈಸೀರಿಯಾ ವೀವರಿಗೆ 99%ಕ್ಕಿಂತ ಹೆಚ್ಚು ಹೊಂದಿತು. ಎರಡನೆಯದು ನೈಸೀರಿಯಾ ಅನಿಮಲೋರಿಸ್‌ಗೆ. ಎರಡೂ ನಾಯಿ ಕಚ್ಚಿದ ಗಾಯಗಳಲ್ಲಿ ಸಿಗುವ ಹಳೆಯ ಪರಿಚಿತರು. ವೀವರಿ ಸಕ್ಕರೆಗಳಿಂದ ಆಮ್ಲ ಮಾಡುವುದಿಲ್ಲ, ಅನಿಮಲೋರಿಸ್ ಗ್ಲೂಕೋಸ್‌ನಿಂದ ಮಾಡುತ್ತದೆ. ನನ್ನ ‘ಬದಲಾಗುತ್ತದೆ’ ಎಂಬುದರ ಗುಟ್ಟು ಅಷ್ಟೇ.

ಆದ್ದರಿಂದ ಜೀನೋಮೋ ಪರೀಕ್ಷೆಯೋ ಎಂಬ ನಿಮ್ಮ ಪ್ರಶ್ನೆಯೇ ನನಗೆ ಒಪ್ಪಿಗೆಯಿಲ್ಲ. ಹೊಸದೋ ಹಳೆಯದೋ ಆಮೇಲಿನ ಮಾತು. ಒಂದೋ ಎರಡೋ ಮೊದಲು ನೋಡಿ. ಮೂರು ಸಲ ಸ್ಟ್ರೀಕ್ ಮಾಡಿ, ಪ್ರತಿ ಸಲವೂ ಒಂಟಿಯಾಗಿ ನಿಂತ ಕಾಲೊನಿಯಿಂದ. ಪ್ಲೇಟುಗಳನ್ನು 72 ಗಂಟೆ ಇಟ್ಟು ಭೂತಗನ್ನಡಿಯಲ್ಲಿ ನೋಡಿ, ನಿಧಾನವಾಗಿ ಬೆಳೆಯುವವು ಆಗ ತಲೆ ಎತ್ತುತ್ತವೆ. ಐದಾರು ಕಾಲೊನಿಗಳ 16ಎಸ್ ಅನ್ನು ಕ್ಲೋನ್ ಮಾಡದೆ ನೇರವಾಗಿ ಓದಿಸಿ. ಗ್ಲಿಸರಾಲ್ ಬೆರೆಸಿ ಮೈನಸ್ 80 ಡಿಗ್ರಿಯಲ್ಲಿ ಇಡುವ ಟ್ಯೂಬುಗಳನ್ನು ಇವತ್ತೇ ಇಡಿ.

ಇಷ್ಟಾದ ಮೇಲೂ 97.8% ಉಳಿದರೆ ಜೀನೋಮ್ ಮಾಡಿಸಲೇಬೇಕು, ಅದರಲ್ಲಿ ಚೌಕಾಸಿ ಇಲ್ಲ. ಹತ್ತಿರದ ಟೈಪ್ ಸ್ಟ್ರೈನ್‌ಗಳೊಂದಿಗೆ (ಆಯಾ ಪ್ರಭೇದದ ಅಧಿಕೃತ ಮಾದರಿ ತಳಿಗಳೊಂದಿಗೆ) ಸರಾಸರಿ ನ್ಯೂಕ್ಲಿಯೊಟೈಡ್ ಹೋಲಿಕೆ, ಎಂದರೆ ಜೀನೋಮಿನ ಅಕ್ಷರಗಳ ಸರಾಸರಿ ಹೋಲಿಕೆ, 95–96%ಕ್ಕಿಂತ ಕೆಳಗಿರಬೇಕು. ಹೆಸರು ಮಾನ್ಯವಾಗಬೇಕಾದರೆ ಬ್ಯಾಕ್ಟೀರಿಯಾದ ಆ ತಳಿಯನ್ನು ಎರಡು ದೇಶಗಳ ಎರಡು ಸಾರ್ವಜನಿಕ ಸಂಗ್ರಹಗಳಲ್ಲಿ ಇರಿಸಬೇಕು. ಭಾರತದಿಂದ ಹೊರಗೆ ಕಳುಹಿಸುವುದಕ್ಕೆ ಜೀವವೈವಿಧ್ಯ ಕಾಯ್ದೆಯ ಕಾಗದಪತ್ರಗಳಿವೆ, ಬೇಗ ಶುರು ಮಾಡಿ.

ಹೆಸರಿಗೆ ಆತುರ ಬೇಡ. ನನ್ನ ಅನಿಮಲೋರಿಸ್ ದಶಕಗಳ ಕಾಲ ‘ಇಎಫ್-4ಎ’ ಎಂಬ ಗುರುತಿನಲ್ಲಿಯೇ ಬದುಕಿ 2006ರಲ್ಲಿ ಹೆಸರು ಪಡೆಯಿತು. ನಾಯಿ ಕಡಿತದಿಂದ ರಕ್ತಕ್ಕೆ ನಂಜೇರಿಸುವ ಕ್ಯಾಪ್ನೋಸೈಟೊಫಾಗಾ ಕ್ಯಾನಿಮೋರ್ಸಸ್ 1976ರಲ್ಲಿ ವರದಿಯಾದರೂ ಅದಕ್ಕೆ ಆ ಹೆಸರು ಬಂದದ್ದು 1989ರಲ್ಲಿ.

ಸದ್ಯಕ್ಕೆ ಒಂದು ಕೆಲಸ ಮಾಡಿ. ಕ್ಲೋನ್ ಮಾಡುವುದಕ್ಕೆ ಮುಂಚಿನ ಆ ಕಲಸಿಹೋದ ಫೈಲನ್ನು ಅಳಿಸಿಲ್ಲ ತಾನೆ? ತೆರೆದು, ಜೋಡಿ ಪೀಕ್‌ಗಳೆಷ್ಟು ಎಂದು ಎಣಿಸಿ, ಸಂಖ್ಯೆಯನ್ನು ಇಲ್ಲಿಯೇ ಕೆಳಗೆ ಬರೆಯಿರಿ.