ಆರು ವರ್ಷ ನಿಂತಿದ್ದ ಯೆಜ್ಡಿ ರೋಡ್‌ಕಿಂಗ್‌ನಲ್ಲಿ ಪುಣೆಯಿಂದ ಗೋವಾಕ್ಕೆ: ಬರೀ ಸರ್ವಿಸ್ ಸಾಕಾ, ಬೋರ್ ಮಾಡಿಸಬೇಕಾ?

ಆರು ವರ್ಷ ನಿಂತಿದ್ದ ಹಳೇ ಟೂ ಸ್ಟ್ರೋಕ್ ಬೈಕ್ ಯೆಜ್ಡಿ ರೋಡ್‌ಕಿಂಗ್‌ನಲ್ಲಿ ಡಿಸೆಂಬರ್‌ಗೆ ಗೋವಾಕ್ಕೆ ಹೋಗಬೇಕು, ಬರೀ ಸರ್ವಿಸ್ ಸಾಕಾ, ಬೋರ್ ಮಾಡಿಸಬೇಕಾ (ಸಿಲಿಂಡರ್ ಕೊರೆಸಿ ದೊಡ್ಡ ಪಿಸ್ಟನ್ ಹಾಕಿಸಬೇಕಾ) ಅಂತ ಕೇಳಿದ್ದೀರಿ. ಜೊತೆಗೆ ಆಕ್ಸಿಲರೇಟರ್ ಬಿಟ್ಟ ಮೇಲೂ ಎರಡು ಮೂರು ಸೆಕೆಂಡ್ ಇಂಜಿನ್ ವೇಗ ಏರಿಯೇ ಇರುತ್ತದೆ, ಬಿಸಿಯಾದ ಮೇಲೆ ಸ್ಲೋ ಸ್ಪೀಡ್ (ಆಕ್ಸಿಲರೇಟರ್ ಬಿಟ್ಟಾಗಿನ ಓಟ) ಒಂದು ಕಡೆ ನಿಲ್ಲುವುದಿಲ್ಲ ಅಂತ ಬರೆದಿದ್ದೀರಲ್ಲ, ಆ ಸಾಲಿನಲ್ಲೇ ಉತ್ತರ ಇದೆ. ನನ್ನ ರೋಡ್‌ಕಿಂಗ್ ಕೂಡ ಹೀಗೇ ಮಾಡುತ್ತಿತ್ತು. ಅದನ್ನು ಕಾರ್ಬುರೇಟರ್ ಕಾಯಿಲೆ ಅಂದುಕೊಂಡು ಇದೇ ಗೋವಾ ದಾರಿ ಹಿಡಿದೆ. ಪುಣೆ-ಸಾತಾರಾ ದಾರಿಯ ಖಂಬಾಟ್ಕಿ ಘಾಟ್ ಇಳಿಯುವಾಗ ಸೀಜ್ ಆಯಿತು, ಅಂದರೆ ಪಿಸ್ಟನ್ ಸಿಲಿಂಡರ್‌ನಲ್ಲಿ ಕಚ್ಚಿ ನಿಂತಿತು.

ಹತ್ತುವಾಗ ಏನೂ ತೊಂದರೆ ಇರಲಿಲ್ಲ. ಮೇಲೆ ತಲುಪಿ, ಸಾತಾರಾ ಕಡೆಗೆ ಇಳಿಜಾರು ಶುರುವಾದಾಗ ಆಕ್ಸಿಲರೇಟರ್ ಪೂರ್ತಿ ಬಿಟ್ಟು ಮೂರನೇ ಗೇರಿನಲ್ಲಿ ಇಳಿಸುತ್ತಿದ್ದೆ. ಒಣ ಕಬ್ಬಿಣ ತಿಕ್ಕಿದಂಥ ಸಣ್ಣ ಸದ್ದು, ಮರುಕ್ಷಣ ಹಿಂದಿನ ಚಕ್ರ ಲಾಕ್. ಕೈ ಕ್ಲಚ್ ಮೇಲಿತ್ತು, ಬೀಳಲಿಲ್ಲ. ಬದಿಗೆ ನಿಲ್ಲಿಸಿ ಸ್ಪಾರ್ಕ್ ಪ್ಲಗ್ ಬಿಚ್ಚಿದೆ. ಪಿಂಗಾಣಿ ಸುಣ್ಣದ ಹಾಗೆ ಬಿಳಿ, ಅದರ ಮೇಲೆ ಸಾಸಿವೆಗಿಂತ ಸಣ್ಣ ಬೆಳ್ಳಿಯ ಚುಕ್ಕಿಗಳು. ಅವು ಪಿಸ್ಟನ್‌ನ ಅಲ್ಯೂಮಿನಿಯಂ. ಆಮೇಲೆ ಸಿಲಿಂಡರ್ ಎತ್ತಿದಾಗ ಪಿಸ್ಟನ್‌ನ ಮುಂಭಾಗದಲ್ಲಿ, ಹೊಗೆ ಹೊರಹೋಗುವ ಎರಡು ಎಕ್ಸಾಸ್ಟ್ ಪೋರ್ಟ್‌ಗಳ ನೇರಕ್ಕೆ, ಎರಡು ಉದ್ದ ಗೀರುಗಳಿದ್ದವು. ರಿಂಗುಗಳು ಕರಗಿದ ಲೋಹದಡಿ ಹೂತು ಹೋಗಿದ್ದವು. ಹಿಂಭಾಗ ಹೊಸದರಂತೆ ಹೊಳೆಯುತ್ತಿತ್ತು.

ನಾನು ಮಾಡಿದ ತಪ್ಪನ್ನು ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ನೀವು ಈಗ ಸರಿಯಾಗಿ ಅದೇ ಜಾಗದಲ್ಲಿ ನಿಂತಿದ್ದೀರಿ.

ಕಾರ್ಬುರೇಟರ್ ಮೂರು ಸಲ ತೊಳೆದೆ. ಸ್ಲೋ ಸ್ಕ್ರೂ ಇಳಿಸಿದೆ, ಏರ್ ಸ್ಕ್ರೂ ಬಿಗಿ ಮಾಡಿದೆ. ಆದರೂ ಪ್ಲಗ್ ಬೆಳ್ಳಗೆ ಬರುತ್ತಿತ್ತು, ಅಂದರೆ ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ. ಕೊನೆಗೆ ಮೇನ್ ಜೆಟ್ (ಕಾರ್ಬುರೇಟರ್‌ನಲ್ಲಿ ಪೆಟ್ರೋಲ್ ಬಿಡುವ ಮುಖ್ಯ ತೂತು) ಒಂದು ಸೈಜ್ ದೊಡ್ಡದು ಹಾಕಿದೆ. ಪ್ಲಗ್ ಕಾಫಿಪುಡಿ ಬಣ್ಣಕ್ಕೆ ತಿರುಗಿತು. ಅಲ್ಲಿಗೆ ಕೆಲಸ ಮುಗಿಯಿತು ಅಂದುಕೊಂಡೆ. ಆದರೆ ಕಾಯಿಲೆ ಬೇರೆ ಕಡೆ ಇತ್ತು. ಟೂ ಸ್ಟ್ರೋಕ್ ಇಂಜಿನ್‌ನಲ್ಲಿ ಪಿಸ್ಟನ್‌ನ ಕೆಳಗಿನ ಕ್ರ್ಯಾಂಕ್‌ಕೇಸ್ ಕೂಡ ಒಂದು ಪಂಪ್. ಪಿಸ್ಟನ್ ಮೇಲೇರಿದಾಗ ಕೆಳಗೆ ಎಳೆತ ಹುಟ್ಟುತ್ತದೆ. ಆ ಎಳೆತಕ್ಕೆ ಒಳಬರುವ ಗಾಳಿಯೆಲ್ಲ ಕಾರ್ಬುರೇಟರ್ ಮೂಲಕವೇ, ಪೆಟ್ರೋಲ್ ಮತ್ತು ಆಯಿಲ್ ಹೊತ್ತುಕೊಂಡೇ ಬರಬೇಕು. ಕ್ರ್ಯಾಂಕ್‌ನ (ಪಿಸ್ಟನ್ ತಿರುಗಿಸುವ ಶಾಫ್ಟ್‌ನ) ಎರಡೂ ತುದಿಗೆ ಇರುವ ಆಯಿಲ್ ಸೀಲ್ ಎಂಬ ರಬ್ಬರ್ ಉಂಗುರಗಳು ಇದನ್ನು ಕಾಯುತ್ತವೆ. ಗಾಡಿ ವರ್ಷಗಟ್ಟಲೆ ನಿಂತರೆ ಸೀಲಿನ ತುಟಿ ಒಣಗಿ ಗಟ್ಟಿಯಾಗುತ್ತದೆ. ಪುಣೆಯ ಮಳೆಗಾಲದ ಥಂಡಿಯಲ್ಲಿ ಆ ತುಟಿ ಕೂತ ಜಾಗದಲ್ಲೇ ಶಾಫ್ಟ್ ಮೇಲೆ ಉಂಗುರದಂತೆ ತುಕ್ಕು ಹಿಡಿಯುತ್ತದೆ. ಆಮೇಲೆ ಇಂಜಿನ್ ಅಲ್ಲಿಂದಲೂ ಗಾಳಿ ಎಳೆಯುತ್ತದೆ. ಆ ಗಾಳಿಯಲ್ಲಿ ಪೆಟ್ರೋಲೂ ಇಲ್ಲ, ಆಯಿಲೂ ಇಲ್ಲ.

ದೊಡ್ಡ ಜೆಟ್ ಆಕ್ಸಿಲರೇಟರ್ ತೆರೆದಾಗ ಮಾತ್ರ ಕೆಲಸ ಮಾಡುತ್ತದೆ. ಘಾಟ್ ಇಳಿಯುವಾಗ ಆಕ್ಸಿಲರೇಟರ್ ಮುಚ್ಚಿರುತ್ತದೆ, ಚಕ್ರ ಇಂಜಿನ್ನನ್ನು ತಿರುಗಿಸುತ್ತಲೇ ಇರುತ್ತದೆ, ಆ ಜೆಟ್‌ನಿಂದ ಏನೂ ಬರುವುದಿಲ್ಲ, ಸೀಲಿನಿಂದ ಗಾಳಿ ಬರುತ್ತಲೇ ಇರುತ್ತದೆ. ಹತ್ತುವಾಗ ಕಾದ ಪಿಸ್ಟನ್‌ಗೆ ಆ ಹೊತ್ತಿನಲ್ಲಿ ಸಿಗುವ ಎಣ್ಣೆ ತೀರಾ ಕಡಿಮೆ. ಊರಲ್ಲಿ ಓಡಿಸಿ ಪ್ಲಗ್ ನೋಡಿದರೆ ಇದು ಗೊತ್ತಾಗುವುದೇ ಇಲ್ಲ.

ಆದ್ದರಿಂದ "ಸರ್ವಿಸ್ ಸಾಕಾ, ಬೋರ್ ಮಾಡಿಸಬೇಕಾ" ಅನ್ನುವ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಹೊಸ ಬೋರ್, ಹೊಸ ಪಿಸ್ಟನ್ ಹಾಕಿ ಹಳೇ ಸೀಲ್ ಬಿಟ್ಟರೆ ಹೊಸ ಪಿಸ್ಟನ್ ಹಾಳಾಗುತ್ತದೆ. ಮೊದಲು ಪ್ರೆಶರ್ ಟೆಸ್ಟ್ ಮಾಡಿ, ಅಂದರೆ ಇಂಜಿನ್ನಿನ ಬಾಯಿಗಳನ್ನೆಲ್ಲ ಮುಚ್ಚಿ ಗಾಳಿ ತುಂಬಿ ಸೋರಿಕೆ ನೋಡಿ. ಬಿಚ್ಚಿ ಜೋಡಿಸುವ ಸಮಯ ಬಿಟ್ಟರೆ ಹತ್ತು ನಿಮಿಷದ ಕೆಲಸ.

ಹಳೇ ಪ್ಲಗ್‌ನ ಪಿಂಗಾಣಿ ಒಡೆದು ತೆಗೆದು, ಆ ಕಬ್ಬಿಣದ ಚಿಪ್ಪಿನಲ್ಲಿ ಸಣ್ಣ ಪೈಪ್ ಕೂರಿಸಿ ಎಂ-ಸೀಲ್ ಹಾಕಿ. ಕಾರ್ಬುರೇಟರ್ ಬಿಚ್ಚಿ, ಆ ಜಾಗಕ್ಕೆ ಟ್ಯೂಬ್ ರಬ್ಬರ್ ಇಟ್ಟು ಮೇಲೊಂದು ತಗಡಿನ ಪಟ್ಟಿ ಬೋಲ್ಟ್ ಮಾಡಿ. ಎರಡೂ ಸೈಲೆನ್ಸರ್ ಬಿಚ್ಚಿ ಎಕ್ಸಾಸ್ಟ್ ಪೋರ್ಟ್‌ಗಳಿಗೆ ರಬ್ಬರ್ ಬಿರಡೆ ಬಿಗಿಯಾಗಿ ಹಾಕಿ. ಎರಡು ಪೋರ್ಟ್ ಇವೆ ಅನ್ನುವುದು ಮರೆಯಬೇಡಿ. ಪಿಸ್ಟನ್ ಪೂರ್ತಿ ಕೆಳಗಿರಲಿ, ಆಗ ಸಿಲಿಂಡರ್ ಮತ್ತು ಕ್ರ್ಯಾಂಕ್‌ಕೇಸ್ ಒಂದೇ ಕೋಣೆಯಾಗುತ್ತವೆ. ಗಾಳಿ ತುಂಬಲು ಮನೆಯಲ್ಲಿರುವ ಹಳೇ ಬಿಪಿ ಯಂತ್ರದ ಬಲೂನು ಮತ್ತು ಮುಳ್ಳಿನ ಮೀಟರ್ ಸಾಕು, ಪ್ಲಗ್‌ನ ಆ ಪೈಪಿಗೆ ಸೇರಿಸಿ. ಮುಳ್ಳನ್ನು 260ರವರೆಗೆ (ಮಿ.ಮೀ. ಪಾದರಸ) ಏರಿಸಿ, ಅದು ಸುಮಾರು 5 ಪಿಎಸ್‌ಐ. ಇನ್ನೂ ಏರಿಸಿದರೆ ಒಳ್ಳೆಯ ಸೀಲೂ ಜಾಗ ಬಿಟ್ಟು ಏಳಬಹುದು, ಹಾಗಾಗಿ ಟಯರ್ ಅಂಗಡಿಯ ಕಂಪ್ರೆಸರ್ ಹತ್ತಿರ ಹೋಗಲೇಬೇಡಿ. ಮುಳ್ಳು ನಿಮಿಷಕ್ಕೆ 50ಕ್ಕಿಂತ ಜಾಸ್ತಿ ಇಳಿದರೆ ಸೋರಿಕೆ ಇದೆ ಎಂದರ್ಥ.

ಎಲ್ಲಿಂದ ಅಂತ ಸೋಪು ನೀರು ಹೇಳುತ್ತದೆ. ಮೊದಲು ನಿಮ್ಮ ಬಿರಡೆಗಳಿಗೇ ಹಚ್ಚಿ, ಹೆಚ್ಚಿನ ಸಲ ಸೋರುವುದು ಅಲ್ಲೇ. ಆಮೇಲೆ ಹೆಡ್, ಸಿಲಿಂಡರ್ ಕೆಳಗಿನ ಪ್ಯಾಕಿಂಗ್. ಬಲಗಡೆ ಕವರ್ ಬಿಚ್ಚಿ ಆಲ್ಟರ್ನೇಟರ್ ಹಿಂದಿನ ಸೀಲಿಗೆ ಹಚ್ಚಿ. ಎಡಗಡೆ ಸೀಲಿನ ಆಚೆ ಪ್ರೈಮರಿ ಚೈನ್ ಮತ್ತು ಗೇರ್ ಆಯಿಲ್ ಇರುವುದರಿಂದ ಅದು ಕಣ್ಣಿಗೆ ಕಾಣುವುದಿಲ್ಲ. ಗೇರ್ ಆಯಿಲ್ ಹಾಕುವ ತೂತಿನ ಬಾಯಿಗೆ ಸೋಪಿನ ಪೊರೆ ಹಿಡಿಸಿ, ಅದು ಉಬ್ಬಿದರೆ ಎಡ ಸೀಲ್ ಹೋಗಿದೆ. ಎಡದ್ದು ಹೋದಾಗ ಇಂಜಿನ್ ಗಾಳಿಯ ಬದಲು ಗೇರ್ ಆಯಿಲ್ ಕುಡಿಯುತ್ತದೆ. ಬಿಳಿ ಹೊಗೆ ನಿಲ್ಲುವುದಿಲ್ಲ, ಪ್ಲಗ್ ಒದ್ದೆ, ನೆಲದ ಮೇಲೆ ಒಂದು ಹನಿಯೂ ಬೀಳದೆ ಆಯಿಲ್ ಕಡಿಮೆಯಾಗುತ್ತದೆ. ನಿಮ್ಮ ಗಾಡಿಯ ಲಕ್ಷಣ ನೋಡಿದರೆ ನನ್ನ ಅನುಮಾನ ಬಲಗಡೆಯ ಮೇಲೆ.

ಸೀಲ್ ಕೊಳ್ಳುವಾಗ ಒಂದು ಮಾತು. ಯೆಜ್ಡಿ ತಯಾರಿಸುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲೇ ಮುಚ್ಚಿತು. "ಕಂಪನಿ ಮಾಲು, ಪ್ಯಾಕ್ ಒಡೆದಿಲ್ಲ" ಅಂತ ಯಾರಾದರೂ ಕೊಟ್ಟರೆ ಅದು 30 ವರ್ಷದ ರಬ್ಬರ್, ನಿಮ್ಮ ಗಾಡಿಯೊಳಗೆ ಒಣಗಿರುವುದಕ್ಕಿಂತ ಏನೂ ಮೇಲಲ್ಲ. ಗೇರಿಗೆ, ಚಕ್ರಕ್ಕೆ ಹಳೇ ಕಂಪನಿ ಭಾಗ ಹುಡುಕಿ, ಖುಷಿಪಡಿ. ರಬ್ಬರಿಗೆ ಬೇಡ. ಸೀಲಿನ ಮುಖದ ಮೇಲೆ ಒಳವ್ಯಾಸ, ಹೊರವ್ಯಾಸ, ದಪ್ಪ ಮಿ.ಮೀ.ನಲ್ಲಿ ಅಚ್ಚಾಗಿರುತ್ತದೆ. ಹಳೇದನ್ನು ಒರೆಸಿ ಜೇಬಿಗೆ ಹಾಕಿಕೊಂಡು ಪುಣೆಯ ನಾನಾ ಪೇಟೆಗೆ ಹೋಗಿ, ಅದೇ ಅಳತೆಯ ಹೊಸ ಸೀಲ್ ಕೇಳಿ, ವೈಟಾನ್ ಅನ್ನುವ ರಬ್ಬರಿನದು ಸಿಕ್ಕರೆ ಅದನ್ನೇ ತನ್ನಿ. ಈಗಿನ ಎಥನಾಲ್ ಪೆಟ್ರೋಲ್‌ಗೆ ಅದು ಮಾಮೂಲಿ ನೈಟ್ರೈಲ್ ರಬ್ಬರಿಗಿಂತ ಚೆನ್ನಾಗಿ ತಡೆಯುತ್ತದೆ. ಶಾಫ್ಟ್ ಮೇಲೆ ತುಕ್ಕಿನ ಉಂಗುರ ಇದ್ದರೆ ನಯವಾದ ಎಮರಿ ಪೇಪರ್‌ನಿಂದ ಸುತ್ತಲೂ ಉಜ್ಜಿ, ಉದ್ದಕ್ಕೆ ಉಜ್ಜಬೇಡಿ. ತುಟಿಗೆ ಗ್ರೀಸ್ ಹಚ್ಚದೆ ಕೂರಿಸಬೇಡಿ, ಮೊದಲ ಕಿಕ್‌ನಲ್ಲೇ ಸುಡುತ್ತದೆ. ಕ್ರ್ಯಾಂಕ್‌ಕೇಸ್ ಬಿಚ್ಚುವ ಪ್ರಸಂಗ ಬಂದರೆ ಬೇರಿಂಗ್‌ಗಳನ್ನೂ ಅದೇ ಸಲ ಬದಲಿಸಿ. ಎಲ್ಲ ಜೋಡಿಸಿ ಮತ್ತೊಮ್ಮೆ ಪ್ರೆಶರ್ ಟೆಸ್ಟ್ ಮಾಡಿ, ಆಮೇಲೆಯೇ ಕಾರ್ಬುರೇಟರ್ ಮುಟ್ಟಿ.

ಬೋರ್ ವಿಷಯ. ಸಿಲಿಂಡರ್‌ನಲ್ಲಿ ಉಗುರಿಗೆ ಸಿಗುವ ಗೀರು ಇದ್ದರೆ ಮಾತ್ರ ಮಾಡಿಸಿ. ಸ್ಟ್ಯಾಂಡರ್ಡ್ 65 ಮಿ.ಮೀ., ಮೇಲಿನ ಸೈಜ್‌ಗಳು ಕಾಲು ಕಾಲು ಮಿ.ಮೀ. ಏರುತ್ತವೆ. ಪಿಸ್ಟನ್ ಮೊದಲು ತಂದು ಲೇತ್‌ನವರ ಕೈಗೆ ಕೊಡಿ, ಅದನ್ನು ಅಳೆದೇ ಕೊರೆಯಬೇಕು. ಕೊರೆದ ಮೇಲೆ ಪೋರ್ಟ್‌ಗಳ ಅಂಚು ಬ್ಲೇಡಿನಂತೆ ಹರಿತವಾಗಿರುತ್ತದೆ. ಅದನ್ನು ಸವರಿಸದೆ ಜೋಡಿಸಿದರೆ ರಿಂಗ್ ಸಿಕ್ಕಿ ತುಂಡಾಗುತ್ತದೆ. ಬರೀ ಸಿಲಿಂಡರ್‌ನಲ್ಲಿ ರಿಂಗ್ ಇಟ್ಟು ಅದರ ಎರಡು ತುದಿಗಳ ನಡುವಿನ ಬಾಯಿ ಅಳೆಯಿರಿ, 0.25 ಮಿ.ಮೀ. ಆಸುಪಾಸು ಇರಲಿ. ಪಿಸ್ಟನ್ ಪಿನ್ನಿನ ಲಾಕ್ ಹಾಕುವಾಗ ಕ್ರ್ಯಾಂಕ್‌ಕೇಸ್ ಬಾಯಿಗೆ ಬಟ್ಟೆ ತುರುಕಿ, ಹಳೇ ಲಾಕ್ ಮತ್ತೆ ಹಾಕಬೇಡಿ.

ಪೆಟ್ರೋಲ್: ಟ್ಯಾಂಕಿನಲ್ಲಿರುವ ಹಳೇದನ್ನೆಲ್ಲ ಚೆಲ್ಲಿ. ಹೊಸದಕ್ಕೆ ಲೀಟರ್‌ಗೆ 40 ಮಿ.ಲೀ. ಟೂ-ಟಿ (ಟೂ ಸ್ಟ್ರೋಕ್ ಆಯಿಲ್), ಡಬ್ಬಿಯ ಮೇಲೆ ಜೇಸೋ ಎಫ್‌ಸಿ ಅಥವಾ ಎಫ್‌ಡಿ ಅನ್ನುವ ಗುಣಮಟ್ಟದ ಗುರುತು ಇರುವುದು. ಬೋರ್ ಮಾಡಿಸದಿದ್ದರೆ 33 ಸಾಕು. ಆಯಿಲ್ ಜಾಸ್ತಿ ಹಾಕಿದರೆ ಕ್ಷೇಮ ಅಂತ ಸುರಿಯಬೇಡಿ, ಅದೇ ಜೆಟ್‌ನಲ್ಲಿ ಆಯಿಲ್ ಹೆಚ್ಚಾದಷ್ಟೂ ಪೆಟ್ರೋಲ್ ಕಡಿಮೆ ಹೋಗುತ್ತದೆ. ಇ20ಯಲ್ಲಿ (20% ಎಥನಾಲ್ ಬೆರೆತ ಪೆಟ್ರೋಲ್) ಎಥನಾಲ್ ಜೊತೆ ಆಮ್ಲಜನಕವೂ ಬರುವುದರಿಂದ ಹಳೇ ಜೆಟ್‌ನಲ್ಲಿ ಮಿಶ್ರಣ ತೆಳುವಾಗುತ್ತದೆ. ಸೀಲ್ ಸರಿಯಾದ ಮೇಲೆ ಮೇನ್ ಜೆಟ್ ಒಂದು ಸೈಜ್ ಏರಿಸುವುದು ಆಗ ನ್ಯಾಯ. ವಾರಕ್ಕಿಂತ ಹೆಚ್ಚು ನಿಲ್ಲಿಸುವುದಾದರೆ ಟ್ಯಾಪ್ ಮುಚ್ಚಿ, ಕಾರ್ಬುರೇಟರ್ ಖಾಲಿಯಾಗುವವರೆಗೆ ಓಡಿಸಿ ನಿಲ್ಲಿಸಿ.

ಗೇರ್ ಆಯಿಲ್ ಎಷ್ಟು ಹಾಕಿದಿರಿ ಎಂದು ಅಳೆದು ಬರೆದಿಡಿ, 500 ಕಿ.ಮೀ. ಆದ ಮೇಲೆ ಬಸಿದು ಅಳೆಯಿರಿ, ಕಡಿಮೆಯಾಗಿದ್ದರೆ ಎಡ ಸೀಲ್ ಮೇಲೆ ಅನುಮಾನಪಡಿ. ಇಗ್ನಿಷನ್ನಿಗೆ ಪಾಯಿಂಟ್ ಇದ್ದರೆ ಅದರ ಗ್ಯಾಪ್ 0.4 ಮಿ.ಮೀ. ಆರು ವರ್ಷ ಒಂದೇ ಕಡೆ ನಿಂತ ಟಯರ್‌ನಲ್ಲಿ ಗೆರೆ ಎಷ್ಟೇ ಇರಲಿ, ಬದಲಿಸಿ. ಬ್ಯಾಟರಿ ಕೊನೆಗೆ ನೋಡಿಕೊಳ್ಳೋಣ.

ಡಿಸೆಂಬರ್‌ಗೆ ಗೋವಾ ಅಂತ ತಾರೀಖು ಇಟ್ಟುಕೊಳ್ಳಬೇಡಿ. ಮೊದಲು ಪುಣೆ ಪಕ್ಕದ ಕಾತ್ರಜ್ ಘಾಟ್ ಹತ್ತಿ ಇಳಿದು ಬನ್ನಿ, ಒಂದು ಭಾನುವಾರ ವಾಯಿವರೆಗೆ ಹೋಗಿ ಬನ್ನಿ. ಅಲ್ಲಿ ಎಲ್ಲ ಸರಿಯಿದ್ದರೆ ಬೆಳಗಾವಿ, ಚೋರ್ಲಾ ಘಾಟ್ ದಾರಿಯಲ್ಲಿ ಗೋವಾ. ಘಾಟ್ ಇಳಿಯುವಾಗ ಆಕ್ಸಿಲರೇಟರ್ ಪೂರ್ತಿ ಮುಚ್ಚಿ ಬಿಡಬೇಡಿ. ಐದಾರು ಸೆಕೆಂಡ್‌ಗೊಮ್ಮೆ ಕ್ಲಚ್ ಹಿಡಿದು ಒಂದು ಸಣ್ಣ ರೇಸ್ ಕೊಡಿ, ಪಿಸ್ಟನ್‌ಗೆ ಎಣ್ಣೆ ಹೋಗಲಿ. ರೋಡ್‌ಕಿಂಗ್‌ನಲ್ಲಿ ಎರಡೂ ಕಡೆ ಡ್ರಮ್ ಬ್ರೇಕೇ ಆದ್ದರಿಂದ ವೇಗ ಮೊದಲೇ ಇಳಿಸಿಕೊಂಡಿರಿ.

ಟೆಸ್ಟ್ ಮಾಡಿದ ಮೇಲೆ ಮುಳ್ಳು ನಿಮಿಷಕ್ಕೆ ಎಷ್ಟು ಇಳಿಯಿತು, ನೊರೆ ಎಲ್ಲಿ ಬಂತು ಅಂತ ಬರೆಯಿರಿ. ಸಾಧ್ಯವಾದರೆ ಪ್ಲಗ್‌ನ ಫೋಟೋನೂ ಹಾಕಿ, ಬಿಸಿಲಿನಲ್ಲಿ ತೆಗೆದದ್ದು.