ಟ್ರಂಕಿನ ಹನ್ನೊಂದು, ಬಚ್ಚಲ ಬದಿಯ ನಾಲ್ಕು

ಕುಷ್ಟಗಿಯಿಂದ ಬರೆದಿರುವ, ಹೆಸರು ಪ್ರಕಟಿಸಬೇಡಿ ಎಂದು ಕೇಳಿಕೊಂಡಿರುವ ಓದುಗರಿಗೆ,

ಸಪ್ರೇಮ ನಮಸ್ಕಾರಗಳು.

ನಿಮ್ಮ ನಾಲ್ಕು ಪುಟಗಳ ಪತ್ರ ಕೈಸೇರಿ ಹದಿನೈದು ದಿನಗಳಾದವು. ಎರಡು ಸಾಲು ಬರೆದು ಕಳುಹಿಸಿಬಿಡುವ ಪತ್ರವಲ್ಲವಾದ್ದರಿಂದ ಉತ್ತರ ತಡವಾಯಿತು. ಉಳಿದ ಓದುಗರಿಗಾಗಿ ವಿಷಯವನ್ನಿಷ್ಟು ಹೇಳಿಬಿಡುತ್ತೇನೆ. ನಿಮ್ಮ ಅವ್ವ ತೀರಿಕೊಂಡು ಐದು ತಿಂಗಳು. ಅವರ ಟ್ರಂಕಿನಲ್ಲಿ ಹನ್ನೊಂದು ಇಳಕಲ್ ಸೀರೆಗಳಿವೆ. ಮದುವೆಯ ಸೀರೆ ಯಾರಿಗೆ ಎಂಬುದು ಮನೆಯಲ್ಲಿ ಮನಸ್ತಾಪಕ್ಕೆ ಕಾರಣವಾಗಿದೆ. ಅದರ ಸೆರಗನ್ನು ಕತ್ತರಿಸಿ ಗಾಜಿನ ಚೌಕಟ್ಟು ಹಾಕಿಸಬೇಕೆಂದು ಅಕ್ಕ, ಉಳಿದ ಮೈಯಲ್ಲಿ ಮೊಮ್ಮಗಳಿಗೆ ಲಂಗ ಹೊಲಿಸಬೇಕೆಂದು ತಂಗಿ. ಸತ್ತವರ ಬಟ್ಟೆ ಮನೆಯಲ್ಲಿ ಇರಬಾರದು ಎಂದು ದೊಡ್ಡಪ್ಪನವರ ಮನೆಯವರು. ನಡುವೆ ಸಿಕ್ಕಿಕೊಂಡವರು ನೀವು.

ಇದೆಲ್ಲದರ ಕೊನೆಗೆ, ಸಹಿಗೆ ಸ್ವಲ್ಪ ಮೇಲೆ, ಒಂದು ಸಾಲು ಬರೆದಿದ್ದೀರಿ: ‘ದಿನಾ ಉಡುತ್ತಿದ್ದ ನಾಲ್ಕು ನೂಲಿನ ಸೀರೆಗಳು ಜೀರ್ಣವಾಗಿವೆ, ನೆಲ ಒರೆಸಲು ಆಗುತ್ತವೆಂದು ಬಚ್ಚಲ ಬದಿಗೆ ತೆಗೆದಿಟ್ಟಿದ್ದೇವೆ.’ ಆ ಸಾಲಿನ ಹತ್ತಿರ ನಾನು ನಿಂತುಬಿಟ್ಟೆ. ಆದರೂ ನೀವು ಕೇಳಿದ್ದನ್ನು ಮೊದಲು ಮುಗಿಸುತ್ತೇನೆ.

ಮದುವೆಯ ಸೀರೆಗೆ ದಯವಿಟ್ಟು ಕತ್ತರಿ ಹಾಕಬೇಡಿ. ಸೆರಗೂ ಮೈಯೂ ಕೂಡುವ ಜಾಗದಲ್ಲಂತೂ ಬೇಡವೇ ಬೇಡ. ಬೇರೆ ಕಡೆಯ ಎಷ್ಟೋ ಸೀರೆಗಳಲ್ಲಿ ಒಂದೇ ಹಾಸು, ಅಂದರೆ ಉದ್ದದ ಎಳೆ, ಈ ತುದಿಯಿಂದ ಆ ತುದಿಗೆ ಓಡುತ್ತದೆ, ಅಡ್ಡ ಎಳೆಯಾದ ಹೊಕ್ಕಿನ ಬಣ್ಣ ಬದಲಾದಲ್ಲಿ ಸೆರಗು ಶುರು. ಇಳಕಲ್ಲಿನ ಹಳೆಯ ನೇಯ್ಗೆ ಹಾಗಲ್ಲ. ಮೈಗೆ ಹತ್ತಿಯ ಹಾಸು, ಸೆರಗಿಗೆ ರೇಷ್ಮೆಯ ಹಾಸು. ಎರಡನ್ನೂ ಬೇರೆಬೇರೆಯಾಗಿ ಸಿದ್ಧ ಮಾಡಿಕೊಂಡು, ಒಂದರ ಕುಣಿಕೆಯೊಳಗೆ ಇನ್ನೊಂದರ ಕುಣಿಕೆ ತೂರಿಸಿ ಎಳೆಎಳೆಯಾಗಿ ಕೂಡಿಸುತ್ತಾರೆ. ಹೀಗೆ ಕೂಡಿಸಿದ ಕೆಂಪು ಸೆರಗಿಗೆ ಟೋಪತೆನಿ ಸೆರಗು ಎನ್ನುತ್ತಾರೆ. ಹೀಗಾಗಿ ಪ್ರತಿಯೊಂದು ಸೀರೆಗೂ ಹಾಸನ್ನು ಹೊಸದಾಗಿಯೇ ಹೂಡಬೇಕು. ಹಾಸಿನಲ್ಲೂ ಹೊಕ್ಕಿನಲ್ಲೂ ಕೆಂಪೇ ಇರುವುದರಿಂದ ಆ ಸೆರಗಿಗೆ ಅಷ್ಟು ಗಟ್ಟಿಯಾದ ಕೆಂಪು ಬರುತ್ತದೆ. ಅದರ ಮೇಲಿನ ಬಿಳಿ ಚಿತ್ತಾರವನ್ನು ಒಮ್ಮೆ ಬಿಸಿಲಿಗೆ ಹಿಡಿದು ನೋಡಿ. ಕೆಲವು ಕೋಟೆಯ ಗೋಡೆಯ ಹಾಗೆ, ಕೆಲವು ಹಣಿಗೆಯ ಹಲ್ಲಿನ ಹಾಗೆ, ಕೆಲವು ಜೋಳದ ತೆನೆಯ ಹಾಗೆ ಕಾಣುತ್ತವೆ. ಇಷ್ಟು ಕಷ್ಟಪಟ್ಟು ಯಾರೋ ಕೂಡಿಸಿದ್ದನ್ನು ಅದೇ ಜಾಗದಲ್ಲಿ ಬೇರ್ಪಡಿಸಿ, ಅರ್ಧವನ್ನು ಗೋಡೆಗೆ ತೂಗುಹಾಕುವುದು ನನ್ನ ಮನಸ್ಸಿಗೆ ಒಪ್ಪುವುದಿಲ್ಲ. ಗಾಜಿನ ಹಿಂದೆ ಅದು ಚಿತ್ರವಾಗುತ್ತದೆ, ಸೀರೆಯಾಗಿ ಉಳಿಯುವುದಿಲ್ಲ.

ಬರುವ ತಿಂಗಳು ತಂಗಿಯ ಮಗಳಿಗೆ ಕುಬಸ ಎಂದು ಬರೆದಿದ್ದೀರಲ್ಲ. ಕುಬಸ ಎಂದರೆ ರವಿಕೆ. ಚೊಚ್ಚಲ ಬಸುರಿಯ ಸಂಭ್ರಮಕ್ಕೆ ಬಟ್ಟೆಯ ಹೆಸರನ್ನೇ ಇಟ್ಟ ಸೀಮೆ ನಿಮ್ಮದು. ಹುಡುಗಿಗೆ ಹಸಿರು ಸೀರೆ, ರವಿಕೆಗೆ ಗುಳೇದಗುಡ್ಡದ ಖಣ ಹೇಗೂ ತರುತ್ತೀರಿ. ಆ ದಿನ ಉಡಿ ತುಂಬುವಾಗ ಅವ್ವನ ಮದುವೆಯ ಸೀರೆಯನ್ನು ನಿಮ್ಮ ಅಕ್ಕ ಉಡಲಿ. ಮುಂದಿನ ಕಾರ್ಯಕ್ಕೆ ತಂಗಿ ಉಡಲಿ. ಯಾರ ಮನೆಯಲ್ಲಿ ಕಾರ್ಯವೋ ಸೀರೆ ಅವರ ಮನೆಯಲ್ಲಿರಲಿ. ದೊಡ್ಡಪ್ಪನವರ ಮಾತಿಗೂ ಬೆಲೆ ಕೊಡಿ. ಈ ವಿಷಯದಲ್ಲಿ ಮನೆಯಿಂದ ಮನೆಗೆ ರೂಢಿ ಬೇರೆ. ಹನ್ನೊಂದರಲ್ಲಿ ಎರಡೋ ಮೂರೋ ಸೀರೆಗಳನ್ನು ನಿಜವಾಗಿ ಉಡುವ ಹೆಂಗಸರ ಕೈಗೆ, ಅವ್ವನ ಹೆಸರು ಹೇಳಿ ಕೊಟ್ಟುಬಿಡಿ. ಹಳೆಯ ಬಟ್ಟೆಗೆ ಪಾತ್ರೆ ಕೊಡುವವರಿಗೆ ಮಾತ್ರ ಬೇಡ.

ಈಗ ಆ ನಾಲ್ಕು ಸೀರೆಗಳ ಮಾತು.

ಮದುವೆಯ ಸೀರೆಯನ್ನು ಅವ್ವ ಜೀವಮಾನದಲ್ಲಿ ಎಷ್ಟು ಸಲ ಉಟ್ಟಿರಬಹುದು? ಲಗ್ನದ ದಿನ, ಆಮೇಲೆ ಹಬ್ಬಕ್ಕೆ, ಮಕ್ಕಳ ಮದುವೆಗೆ. ಉಳಿದ ಅಷ್ಟೂ ವರ್ಷ ಅದು ಕತ್ತಲಲ್ಲಿ ಮಡಿಕೆಯಾಗಿ ಮಲಗಿತ್ತು. ಅದಕ್ಕೆ ನಿಮ್ಮ ಅವ್ವನ ಪರಿಚಯ ಕಡಿಮೆ. ಅವರನ್ನು ಬಲ್ಲವು ಆ ನಾಲ್ಕು.

ನನ್ನ ಅಜ್ಜಿಯ ಕಂದು ಬಣ್ಣದ ನೂಲಿನ ಸೀರೆಯೊಂದು ನನ್ನ ಬಳಿ ಇದೆ, ಹದಿನೆಂಟು ಮೊಳದ್ದು. ಇದನ್ನು ಬರೆಯುವ ಮುನ್ನ ಹೊರಗೆ ತೆಗೆದು ಹಾಸಿಗೆಯ ಮೇಲೆ ಹರಡಿದೆ. ಸೆರಗಿನ ತುದಿಯಿಂದ ಒಂದಿಷ್ಟು ಒಳಗೆ, ಅಂಗೈಯಗಲದ ಜಾಗವೊಂದು ಉಳಿದ ಬಟ್ಟೆಗಿಂತ ಕಪ್ಪಾಗಿದೆ. ಅಜ್ಜಿ ತಲೆಯ ಮೇಲೆ ಸೆರಗು ಹೊದೆಯುತ್ತಿದ್ದ ಜಾಗ ಅದು, ವರ್ಷಗಟ್ಟಲೆ ಕೊಬ್ಬರಿ ಎಣ್ಣೆ ಇಳಿದ ಕಲೆ. ಎಡ ಸೊಂಟಕ್ಕೆ ಬರುವಲ್ಲಿ ಎಳೆಗಳು ಸವೆದು ಬೆಳಕು ಹಾಯುತ್ತದೆ. ನೀರಿನ ಕೊಡ ಕೂತದ್ದು, ನನ್ನ ತಂದೆ ಕೂತದ್ದು, ಆಮೇಲೆ ನಾನು ಕೂತದ್ದು ಅಲ್ಲಿಯೇ. ಕೆಳಗಿನ ದಡಿ ನೆಲ ಸವರಿ ಸವರಿ ಹಲ್ಲುಹಲ್ಲಾಗಿದೆ. ಮೊಣಕಾಲಿನ ಹತ್ತಿರ ಒಂದು ತೇಪೆ, ರೊಟ್ಟಿ ಬಡಿಯಲು ಕೂತಾಗ ಒಲೆಯ ಕಿಡಿ ಹಾರಿದ್ದಕ್ಕೆ ಹಾಕಿದ್ದು. ತೇಪೆಯ ಬಟ್ಟೆ ಅಜ್ಜನ ಪಟ್ಟೆಪಟ್ಟೆ ಅಂಗಿಯದು. ಒಂದೊಂದು ಹೊಲಿಗೆಯೂ ಜೋಳದ ಕಾಳಿನಷ್ಟೇ ಉದ್ದ, ಒಂದೂ ಸಾಲು ತಪ್ಪಿಲ್ಲ.

ಅಜ್ಜಿಯದು ಒಂದೇ ಒಂದು ಫೋಟೋ ಇದೆ. ಅದರಲ್ಲಿ ಯಾರದೋ ಮದುವೆಗೆ ರೇಷ್ಮೆ ಉಟ್ಟು, ಉಸಿರು ಬಿಗಿಹಿಡಿದು ನಿಂತಿದ್ದಾರೆ. ನಾನು ಕಂಡಿದ್ದ ಅಜ್ಜಿ ಆ ಫೋಟೋದಲ್ಲಿ ನನಗೆ ಸಿಗುವುದಿಲ್ಲ. ಈ ಸೀರೆಯಲ್ಲಿ ಸಿಗುತ್ತಾರೆ.

ಹೊಸ ಬಟ್ಟೆಗೆ ಮೈ ಹೊಂದಿಕೊಳ್ಳಬೇಕು, ಹಳೆಯ ಬಟ್ಟೆ ಮೈಗೆ ಹೊಂದಿಕೊಂಡಿರುತ್ತದೆ. ಹತ್ತಿಯಂತೂ ಪ್ರತಿ ಒಗೆತಕ್ಕೂ ಗಂಜಿ ಬಿಟ್ಟು, ಮೆತ್ತಗಾಗಿ, ಉಟ್ಟವರ ನಡಿಗೆಯನ್ನೇ ಕಲಿಯುತ್ತದೆ. ಅದಕ್ಕೇ ನಮ್ಮ ಹಿರಿಯರು ಹುಟ್ಟಿದ ಕೂಸಿಗೆ ಹೊಸ ಬಟ್ಟೆ ಹಾಸುತ್ತಿರಲಿಲ್ಲ. ಅಜ್ಜಿಯದೋ ತಾಯಿಯದೋ ಹಳೆಯ ನೂಲಿನ ಸೀರೆ ಹರಿದು, ಅದರಲ್ಲೇ ಸುತ್ತಿ ಮಲಗಿಸುತ್ತಿದ್ದರು. ಜೋಲಿ ಕಟ್ಟುತ್ತಿದ್ದುದೂ ಅಂಥದೇ ಸೀರೆಯಲ್ಲಿ. ಕೂಸಿನ ಚರ್ಮ ಮೊದಲು ಮುಟ್ಟುತ್ತಿದ್ದ ಬಟ್ಟೆ ಇನ್ನೊಬ್ಬರು ಉಟ್ಟು ಹದ ಮಾಡಿಕೊಟ್ಟದ್ದು. ನಿಮ್ಮ ಮನೆಗೆ ಇನ್ನು ಕೆಲವು ತಿಂಗಳಲ್ಲಿ ಕೂಸು ಬರಲಿದೆ. ಅದಕ್ಕೆ ಬೇಕಾದ ಬಟ್ಟೆ ನಿಮ್ಮ ಬಚ್ಚಲ ಬದಿಯಲ್ಲಿ ನೆಲ ಒರೆಸಲು ಕಾದು ಕೂತಿದೆ.

ಆದ್ದರಿಂದ ಅವನ್ನು ಇವತ್ತೇ ಎತ್ತಿಕೊಳ್ಳಿ. ಎರಡನ್ನು ಬಿಸಿನೀರಿನಲ್ಲಿ ಚೆನ್ನಾಗಿ ಒಗೆದು, ಬಿಸಿಲಿಗೆ ಒಣಗಿಸಿ ಕೂಸಿಗೆ ಎತ್ತಿಡಿ. ಇನ್ನೊಂದನ್ನು ಕೌದಿಗೆ, ಹಳೆಯ ಬಟ್ಟೆಗಳನ್ನು ಪದರವಾಗಿ ಸೇರಿಸಿ ಹೊಲಿಯುವ ಹೊದಿಕೆಗೆ, ಕೊಡಿ. ನಿಮ್ಮ ಕಡೆ ಊರೂರು ತಿರುಗಿ ಕೌದಿ ಹೊಲಿಯುವ ಹೆಣ್ಣುಮಕ್ಕಳು ಇನ್ನೂ ಬರುತ್ತಿದ್ದರೆ ಅವರಿಗೇ ಹೇಳಿ, ಕಾಳಿನ ಜೊತೆಗೆ ಕೈತುಂಬ ದುಡ್ಡೂ ಕೊಡಿ. ಆ ಕೆಲಸಕ್ಕೆ ನಾವು ಎಂದೂ ತಕ್ಕ ಬೆಲೆ ಕೊಟ್ಟಿಲ್ಲ ಎಂಬುದು ನನ್ನ ಬಹುಕಾಲದ ಸಂಕಟ. ಅವ್ವನ ಸೀರೆ ಮೇಲುಹಾಸು ಆಗಲಿ, ಒಳಗೆ ನಿಮ್ಮ ತಂದೆಯವರ ಧೋತರ, ನಿಮ್ಮ ಹಳೆಯ ಅಂಗಿ, ಅಕ್ಕತಂಗಿಯರ ಲಂಗದ ತುಂಡುಗಳು ಸೇರಲಿ. ಯಲ್ಲಾಪುರ, ಹಳಿಯಾಳದ ಕಡೆಯ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಹೆಂಗಸರು ತಮ್ಮ ಕೌದಿಯ ಮೂಲೆಗಳಿಗೆ ಬಟ್ಟೆಯನ್ನು ಪದರಪದರವಾಗಿ ಮಡಚಿ ಹೂವು ಇಡುತ್ತಾರೆ. ಹೂವಿಲ್ಲದ ಕೌದಿ ಬತ್ತಲೆ ಎಂದು ಅವರ ಭಾವನೆ. ಹೊದೆಯುವ ಬಟ್ಟೆಗೂ ಮಾನವಿದೆ ಎಂದು ತಿಳಿದ ಆ ತಾಯಂದಿರ ಮುಂದೆ ನನಗೆ ತಲೆ ಬಾಗುತ್ತದೆ.

ಟ್ರಂಕಿನ ಸೀರೆಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಇಟ್ಟಿದ್ದರೆ ತೆಗೆದುಬಿಡಿ, ಒಳಗೆ ತೇವ ನಿಂತು ಕಲೆ ಬೀಳುತ್ತದೆ. ತೆಳುವಾದ ಹತ್ತಿ ಬಟ್ಟೆಯಲ್ಲಿ ಸುತ್ತಿಡಿ. ಮೂರು ನಾಲ್ಕು ತಿಂಗಳಿಗೊಮ್ಮೆ ಬಿಚ್ಚಿ, ನೆರಳಿನಲ್ಲಿ ಗಾಳಿಗೆ ಹಾಕಿ, ಮಡಿಕೆ ಬದಲಿಸಿ. ಒಂದೇ ಗೆರೆಯಲ್ಲಿ ಮಡಚಿಟ್ಟ ರೇಷ್ಮೆ ಆ ಗೆರೆಯಲ್ಲೇ ಸೀಳುತ್ತದೆ.

ನಾಲ್ಕನೆಯ ನೂಲಿನ ಸೀರೆಯನ್ನು ಒಗೆಯಬೇಡಿ, ಯಾರಿಗೂ ಕೊಡಬೇಡಿ. ಅದು ನಿಮಗೆ. ಅವ್ವನನ್ನು ಕೊನೆಯ ಎಂಟು ವರ್ಷ ನೋಡಿಕೊಂಡವರು ನೀವು. ಇಡೀ ಪತ್ರದಲ್ಲಿ ಅಕ್ಕನಿಗೆ ಏನು, ತಂಗಿಗೆ ಏನು ಎಂದು ಕೇಳಿದಿರಿ, ನಿಮಗೇನು ಎಂದು ಕೇಳಲೇ ಇಲ್ಲ. ಗಂಡುಮಗನಿಗೆ ತಾಯಿಯ ಸೀರೆ ಯಾಕೆ ಎಂದು ಯಾರಾದರೂ ಅಂದರೆ ಸುಮ್ಮನಿದ್ದುಬಿಡಿ.

ಇನ್ನೊಂದು ಮಾತು. ಒಗೆಯಲು ಹಾಕುವ ಮುಂಚೆ ನಾಲ್ಕೂ ಸೀರೆಗಳ ಸೆರಗಿನ ತುದಿಯನ್ನು ಬೆರಳಿನಿಂದ ಹಿಸುಕಿ ನೋಡಿ. ನನ್ನ ಅಜ್ಜಿಯ ಸೆರಗಿನಲ್ಲಿ ಒಂದು ಗಂಟು ಹಾಗೆಯೇ ಉಳಿದಿತ್ತು. ಬಿಚ್ಚಿದರೆ ನಾಲ್ಕಾಣೆಯ ಎರಡು ನಾಣ್ಯ, ಅರ್ಧ ಅಡಕೆ, ಮತ್ತು ನನಗೆಂದು ತೆಗೆದಿಟ್ಟಿದ್ದ ಒಂದು ಕಲ್ಲುಸಕ್ಕರೆ.

ನಿಮ್ಮ,
ಸಂಪಾದಕ