ಗುಂಡಿ ಅವರೇ ಹಾಕಿಕೊಳ್ಳಲಿ

ಪ್ರಶ್ನೆ: ಐದು ತಿಂಗಳ ಹಿಂದೆ ಅಪ್ಪನಿಗೆ ಸ್ಟ್ರೋಕ್ ಆಗಿ ಬಲಗೈ ಸ್ವಾಧೀನ ತಪ್ಪಿತು. ಈಗ ಮಣಿಕಟ್ಟು, ಬೆರಳು ಸ್ವಲ್ಪ ಆಡುತ್ತವೆ. ಆದರೂ ಎಲ್ಲದಕ್ಕೂ ಎಡಗೈಯೇ. ಅಂಗಿ ನಾನೇ ತೊಡಿಸುತ್ತೇನೆ. ತಮ್ಮ ಹೆರಾಯಿನ್ ಚಟಕ್ಕೆ ಬಿದ್ದು, ಕಳ್ಳತನ ಮಾಡಿ ಎರಡೂವರೆ ವರ್ಷ ಜೈಲಿನಲ್ಲಿದ್ದ. ಬಿಡುಗಡೆಯಾಗಿ ಹತ್ತು ದಿನ ಆಯ್ತು. ಮೂಲೆ ಹಿಡಿದು ಕೂತಿರುತ್ತಾನೆ. ಸ್ನಾನಕ್ಕೂ ‘ಹೋಗ್ಲಾ ಅಕ್ಕ?’ ಅಂತ ಕೇಳುತ್ತಾನೆ. ಇಬ್ಬರಿಗೂ ಪುನರ್ವಸತಿ ಬೇಕು ಅಂತಾರೆ. ಅಪ್ಪನಿಗೆ ಫಿಸಿಯೋಥೆರಪಿ ಇದೆ, ಇವನಿಗೇನಿದೆ? ಹೆದರಿಸಿ ಇಟ್ಟರೆ ದಾರಿಗೆ ಬರುತ್ತಾನೆ ಅನ್ನುತ್ತಾರೆ ಚಿಕ್ಕಪ್ಪ. ಹೌದಾ?
– ಹೆಸರು ಬೇಡ

ಉತ್ತರ: ಮಿಕ್ಕಿದ್ದು ಆಮೇಲೆ, ಮೊದಲು ತಮ್ಮನ ಜೀವದ ಮಾತು. ಈ ಹತ್ತು ದಿನ ಅಂದಿರಲ್ಲ, ಅದೇ ನನಗೆ ಭಯ. ಜೈಲಿನಿಂದ ಬಂದ ಮೊದಲ ಎರಡು ವಾರ ತುಂಬಾ ಅಪಾಯ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಬಿಡುಗಡೆಯಾದ 30 ಸಾವಿರಕ್ಕೂ ಜಾಸ್ತಿ ಜನರ ದಾಖಲೆ ನೋಡಿ 2007ರಲ್ಲಿ ಒಂದು ಅಧ್ಯಯನ ಬಂತು. ಆ ಎರಡು ವಾರದಲ್ಲಿ ಅವರು ಸಾಯುವ ಸಾಧ್ಯತೆ ಹೊರಗಿನ ಜನಕ್ಕಿಂತ ಸುಮಾರು 13 ಪಟ್ಟು ಇತ್ತು. ಎಲ್ಲಕ್ಕಿಂತ ದೊಡ್ಡ ಕಾರಣ ಓವರ್‌ಡೋಸ್. ಒಳಗಿದ್ದಾಗ ದೇಹ ಹೆರಾಯಿನ್ ತಾಳುವ ಶಕ್ತಿ ಕಳೆದುಕೊಂಡಿರುತ್ತದೆ. ಹೊರಗೆ ಬಂದು ಹಳೇ ಲೆಕ್ಕದಲ್ಲೇ ತಗೊಂಡರೆ ಉಸಿರು ನಿಂತುಹೋಗುತ್ತದೆ. ಹಾಗಾಗಿ ನಾಳೆಯೇ ಚಟ ಬಿಡಿಸುವ ವೈದ್ಯರನ್ನು ನೋಡಿ. ಹೆರಾಯಿನ್ ಸೆಳೆತ ತಗ್ಗಿಸೋಕೆ ಬುಪ್ರೆನಾರ್ಫಿನ್, ಮೆಥಡೋನ್ ಅಂತ ಔಷಧಿಗಳಿವೆ. ಓವರ್‌ಡೋಸ್ ಆದಾಗ ಉಸಿರು ವಾಪಸ್ ತರುವ ನಲೋಕ್ಸೋನ್ ಬಗ್ಗೆಯೂ ಕೇಳಿ. ಫೋನ್ ಅವನೇ ಮಾಡಲಿ, ನೀವು ಪಕ್ಕದಲ್ಲಿ ಕೂತಿರಿ. ಹಾಗೆ ಯಾಕೆ ಅಂದೆ ಅನ್ನೋದಕ್ಕೆ ಬರುತ್ತೇನೆ.

ಪುನರ್ವಸತಿ ಅನ್ನೋ ಪದದ ಮೇಲೆ ನನಗೊಂದು ಸಣ್ಣ ಸಿಟ್ಟಿದೆ. ಮತ್ತೆ ಮನೆ ಕಟ್ಟಿಕೊಟ್ಟಂತೆ ಕೇಳಿಸುತ್ತದೆ. ಯಾರೋ ಕೊಡೋದು, ಇವರು ತಗೊಳ್ಳೋದು. ಕೆಲಸ ನಡೆಯುವುದು ಹಾಗಲ್ಲ.

ನಾನು ಇಪ್ಪತ್ತೆರಡು ವರ್ಷ ಸ್ಟ್ರೋಕ್ ವಾರ್ಡಿನಲ್ಲಿ ಆಕ್ಯುಪೇಷನಲ್ ಥೆರಪಿಸ್ಟ್ ಆಗಿದ್ದವಳು, ಅಂದರೆ ಉಡೋದು, ಉಣ್ಣೋದರಂಥ ದಿನದ ಕೆಲಸ ರೋಗಿಗಳು ಮತ್ತೆ ತಾವೇ ಮಾಡಿಕೊಳ್ಳುವಂತೆ ಕಲಿಸುವವಳು. ಶುರುವಿನಲ್ಲಿ ಬೆಳಗಿನ ಗಡಿಬಿಡಿಗೆ ಎಷ್ಟೋ ಜನರ ಅಂಗಿ ಗುಂಡಿ ನಾನೇ ಹಾಕಿದ್ದೇನೆ. ಅವರು ಹಾಕಿಕೊಂಡರೆ ಹನ್ನೆರಡು ನಿಮಿಷ, ನಾನು ಹಾಕಿದರೆ ಒಂದು. ಪಾಪ ಅಂತಲ್ಲ, ಪುರುಸೊತ್ತಿಲ್ಲ ಅಂತ. ಅದು ತಪ್ಪು ಅಂತ ಗೊತ್ತಾಗಿದ್ದು ಎಡ್ವರ್ಡ್ ಟಾಬ್ ಎಂಬ ಅಮೆರಿಕದ ವಿಜ್ಞಾನಿಯ ಕೆಲಸ ಓದಿದ ಮೇಲೆ. ಸ್ಪರ್ಶದ ನರ ಕತ್ತರಿಸಿದ ಕೈಯನ್ನು ಕೋತಿಗಳು ಬಳಸೋದೇ ಬಿಟ್ಟುಬಿಡುತ್ತಿದ್ದವು. ಒಳ್ಳೇ ಕೈ ಕಟ್ಟಿಹಾಕಿದರೆ ಅದೇ ಕೈ ಮತ್ತೆ ಕೆಲಸ ಮಾಡುತ್ತಿತ್ತು! ಕೈಗೆ ಆಗಲ್ಲ ಅಂತಲ್ಲ, ಮೊದಮೊದಲು ಪ್ರಯತ್ನಪಟ್ಟು ಸೋತು ಬಳಸದೇ ಇರೋದನ್ನೇ ಕಲಿತಿರುತ್ತದೆ. ಇದೇ ದಾರಿಯ ಚಿಕಿತ್ಸೆಯನ್ನು 222 ಸ್ಟ್ರೋಕ್ ರೋಗಿಗಳ ಮೇಲೆ ಪರೀಕ್ಷಿಸಿ 2006ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಳ್ಳೇ ಕೈಗೆ ಎರಡು ವಾರ ಗವಸು ಹಾಕಿಸಿ ಇನ್ನೊಂದರಿಂದ ಕೆಲಸ ಮಾಡಿಸಿದರು. ಆ ಕೈ ಬಳಕೆ ಚೆನ್ನಾಗಿ ಸುಧಾರಿಸಿತು. ಅಪ್ಪನ ಬೆರಳು ಆಡುತ್ತಿರುವುದರಿಂದ ಥೆರಪಿಸ್ಟನ್ನು ಇದರ ಬಗ್ಗೆ ಕೇಳಿ. ಮನೆಯಲ್ಲಿ ನೀವೇ ಕೈ ಕಟ್ಟಲು ಹೋಗಬೇಡಿ, ಬಿದ್ದುಗಿದ್ದಾರು.

ಕೊನೆಯ ಆರು ವರ್ಷ ಪ್ರತಿ ಗುರುವಾರ ಜೈಲಿಗೂ ಹೋಗುತ್ತಿದ್ದೆ. ಒಬ್ಬರಿಗೆ ‘ಹಸಿರು ಕಾಗದ ಬೇಕಾ, ಬಿಳೀದಾ?’ ಅಂತ ಕೇಳಿದೆ. ಅವರು ಕಾಗದ ನೋಡಲಿಲ್ಲ, ಬಾಗಿಲಲ್ಲಿ ನಿಂತಿದ್ದ ವಾರ್ಡರ್ ಮುಖ ನೋಡಿದರು. ಏಳೋದು, ಉಣ್ಣೋದು, ದೀಪ ಆರೋದು ಎಲ್ಲ ಬೇರೆಯವರ ಲೆಕ್ಕದಲ್ಲಿ ನಡೆದರೆ ‘ನನಗೇನು ಬೇಕು’ ಅನ್ನೋದೇ ಜೋಮು ಹಿಡಿಯುತ್ತದೆ. ನಿಮ್ಮ ತಮ್ಮ ‘ಹೋಗ್ಲಾ?’ ಅನ್ನೋದು ಅದೇ ಅಲ್ವಾ? ಸೋಮಾರಿತನ ಅಂದುಕೊಳ್ಳಬೇಡಿ.

ಇನ್ನು ಚಿಕ್ಕಪ್ಪ. ಹಿರಿಯರು, ಕಾಳಜಿಯಿಂದ ಹೇಳಿದ್ದಾರೆ, ಆದರೆ ಲೆಕ್ಕ ತಪ್ಪು. ಹುಡುಗರನ್ನು ಜೈಲಿಗೆ ಕರೆದೊಯ್ದು, ಕೈದಿಗಳಿಂದ ಬೈಸಿ ಹೆದರಿಸುವ ಕಾರ್ಯಕ್ರಮಗಳು ಅಮೆರಿಕದಲ್ಲಿ ಹೆಸರು ಮಾಡಿದ್ದವು. ಆಮೇಲೆ ಅಧ್ಯಯನಗಳನ್ನೆಲ್ಲ ಒಟ್ಟು ಹಾಕಿ ನೋಡಿದರೆ, ಸುಮ್ನೆ ಬಿಟ್ಟಿದ್ದ ಹುಡುಗರಿಗಿಂತ ಇವರೇ ಜಾಸ್ತಿ ಅಪರಾಧ ಮಾಡಿದ್ದರು. ಹಾಗಂತ ಬರೀ ಮುದ್ದು ಮಾಡಿದರೂ ಆಗಲ್ಲ. 1974ರಲ್ಲಿ ರಾಬರ್ಟ್ ಮಾರ್ಟಿನ್‌ಸನ್ ಎಂಬ ಸಮಾಜಶಾಸ್ತ್ರಜ್ಞ 231 ಅಧ್ಯಯನ ಜಾಲಾಡಿ, ಕೈದಿಗಳ ಸುಧಾರಣೆಯ ಕಾರ್ಯಕ್ರಮಗಳಿಂದ ಅಷ್ಟೇನೂ ಉಪಯೋಗ ಕಾಣಲಿಲ್ಲ ಅಂತ ಬರೆದರು. ಅದನ್ನು ಹಿಡಿದುಕೊಂಡು ಎಷ್ಟೋ ಜನ ‘ಏನು ಮಾಡಿದರೂ ಅಷ್ಟೇ’ ಅಂದುಬಿಟ್ಟರು. 1979ರಲ್ಲಿ ಅವರೇ ಮಾತು ಬದಲಿಸಿ, ಕೆಲವು ಕಾರ್ಯಕ್ರಮಗಳು ಫಲ ಕೊಡುತ್ತವೆ ಅಂದರು. ಆ ಎರಡನೇ ಮಾತು ಯಾರ ಕಿವಿಗೂ ಅಷ್ಟಾಗಿ ಬೀಳಲಿಲ್ಲ. ಯಾರಿಗೆ ಎಷ್ಟು ಅಪಾಯ, ಯಾವುದು ತಪ್ಪಿಗೆ ಎಳೆಯುತ್ತಿದೆ ಅಂತ ನೋಡಿ ಕೊಟ್ಟ ನೆರವು ಫಲ ಕೊಡುತ್ತದೆ. ನಿಮ್ಮ ತಮ್ಮನಿಗೆ ಚಟದ ಚಿಕಿತ್ಸೆ, ದಿನ ಕಳೆಯಲು ಒಂದು ಕೆಲಸ, ಹಳೇ ಜೊತೆಗಾರರಿಂದ ದೂರ. ಈ ಮೂರನ್ನು ಹಿಡಿಯಿರಿ.

ಸ್ನಾನಕ್ಕೆ ‘ಹೋಗ್ಲಾ?’ ಅಂದಾಗ ಹೂಂ ಅನ್ನಬೇಡಿ. ‘ನಿನಗೆ ಯಾವಾಗ ಅನುಕೂಲ?’ ಅನ್ನಿ. ಉತ್ತರ ಬರೋಕೆ ಹೊತ್ತಾಗುತ್ತದೆ, ಕಾಯಿರಿ. ದುಡ್ಡಿನ ವ್ಯವಹಾರ ಈಗಲೇ ಅವನ ಕೈಗೆ ಬೇಡ, ಅದನ್ನು ಮುಚ್ಚುಮರೆ ಇಲ್ಲದೆ ಅವನಿಗೇ ಹೇಳಿ. ಆದರೆ ಮನೆ ಬಾಗಿಲ ಕೀಲಿ ಒಂದು ಕೊಡಿ.

ಅಪ್ಪನಿಗೆ ಅಗಲ ಗುಂಡಿಯ, ಸಡಿಲ ಅಂಗಿ ಹುಡುಕಿ. ಕೆಳಗಿನ ಗುಂಡಿಯಿಂದ ಶುರು ಮಾಡಿಸಿ, ಅದು ಕಣ್ಣಿಗೆ ಕಾಣುತ್ತದೆ. ಕತ್ತಿನ ಹತ್ತಿರದ್ದು ನಿಜವಾಗಲೂ ಕಷ್ಟ, ಸದ್ಯಕ್ಕೆ ಅದೊಂದನ್ನು ನೀವು ಹಾಕಿ.